ಮುಖಗವಸು, ಸೂಜಿ ಮತ್ತು ಮುಚ್ಚಿಟ್ಟ ಜ್ವರ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಹಲವರು ಈಚೆಗೆ ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಕೊರೊನಾ ಬಂತು, ಹೋಯಿತು. ಎರಡು ವರ್ಷ ಬಾಯಿಗೆ ಬಟ್ಟೆ ಕಟ್ಟಿಕೊಂಡೆವು, ತೋಳಿಗೆ ಎರಡು ಸಲವೋ ಮೂರು ಸಲವೋ ಸೂಜಿ ಚುಚ್ಚಿಸಿಕೊಂಡೆವು, ಕೈ ತೊಳೆದು ತೊಳೆದು ಬೆರಳುಗಳ ಚರ್ಮ ಸುಲಿಯಿತು. ಇಷ್ಟರಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬಂತು, ಯಾವುದು ಬರಿಯ ಗಡಿಬಿಡಿ? ಕೇಳುವವರು ಹೆಚ್ಚಾಗಿ ಗೋದಾಮಿನಲ್ಲಿ ಮೂಟೆ ಹೊರುವವರು, ಲಾರಿ ಆಫೀಸಿನ ಗುಮಾಸ್ತರು, ಮಿಲ್ಲುಗಳಲ್ಲಿ ದುಡಿಯುವವರು. ಪ್ರಶ್ನೆ ನ್ಯಾಯವಾದದ್ದೇ. ಮತ್ತೊಮ್ಮೆ ಇಂಥದೊಂದು ರೋಗ ಬರಲಾರದೆಂದು ಯಾರೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ.

ನಾವು ಡಾಕ್ಟರಲ್ಲ. ಮಿಲ್ಲಿನ ಹಾಜರಿ ಪುಸ್ತಕ ಬರೆಯುವವರಿಗೆ ವೈದ್ಯಶಾಸ್ತ್ರದಲ್ಲಿ ಏನು ಅಧಿಕಾರ ಎಂದು ಯಾರಾದರೂ ಕೇಳಿದರೆ ತಪ್ಪಾಗದು. ಆದರೆ ಯಾರು ಯಾವ ದಿನ ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾರು ಬರಬಾರದಾಗಿದ್ದೂ ಬಂದರು ಎಂಬುದನ್ನು ಹಾಜರಿ ಪುಸ್ತಕದಷ್ಟು ಚೆನ್ನಾಗಿ ಮತ್ತಾವುದೂ ಹೇಳಲಾರದು. ಅದನ್ನು ನೋಡಿಕೊಂಡೇ, ತಿಳಿದವರು ಹೇಳಿದ್ದನ್ನೂ ಕೂಡಿಸಿಕೊಂಡು, ನಾಲ್ಕು ಮಾತು ಬರೆಯುತ್ತೇವೆ.

ತಾರೀಖುಗಳನ್ನು ಮೊದಲು ನೆನಪು ಮಾಡಿಕೊಳ್ಳೋಣ. ಭಾರತದಲ್ಲಿ ಮೊದಲ ರೋಗಿ ಪತ್ತೆಯಾದದ್ದು ಕೇರಳದಲ್ಲಿ, ೨೦೨೦ರ ಜನವರಿ ೩೦ರಂದು. ಮೊದಲ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು, ಮಾರ್ಚ್ ೧೦ರಂದು. ಮರುದಿನವೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಗದ್ವ್ಯಾಪಿ ರೋಗವೆಂದು ಸಾರಿತು. ಮಾರ್ಚ್ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಅದೇ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಹೇಳಿದ್ದು ೨೦೨೩ರ ಮೇ ೫ರಂದು. ರೋಗ ಮುಗಿಯಿತೆಂದು ಹೇಳಲಿಲ್ಲ, ತುರ್ತು ಮುಗಿಯಿತೆಂದಿತು, ಎರಡಕ್ಕೂ ವ್ಯತ್ಯಾಸವುಂಟು.

ಊರು ಬಿಟ್ಟು ಬಂದವರಿಗೂ ಗಡಿಯಂಚಿನಲ್ಲಿ ಇರುವವರಿಗೂ ಆ ಬಾಗಿಲು ಹಾಕಿದ್ದರ ಏಟು ಬೇರೆ ಬಗೆಯದು. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರೇ ಆಸ್ಪತ್ರೆಯ ಊರು. ಆ ಮಾರ್ಚ್ ತಿಂಗಳ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಏಪ್ರಿಲ್ ೧ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಹೇಳಬೇಕಾಯಿತು. ಅಷ್ಟರಲ್ಲಿ ಮಂಗಳೂರು ಸೇರಲಾಗದೆ ಹಲವರು ತೀರಿಕೊಂಡಿದ್ದರು. ಅವರನ್ನು ಕೊಂದದ್ದು ಕೊರೊನಾ ಅಲ್ಲ. ಎಚ್ಚರಿಕೆ ಬೇರೆ, ಭಯ ಬೇರೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನಮಗೆ ತಿಳಿಯದು.

ಇನ್ನು ನಮ್ಮ ಮಾಧವರಂ. ಇಲ್ಲಿಗೆ ಆ ರೋಗದ ಕಥೆ ಬಂದದ್ದು ಹಣ್ಣಿನ ಲಾರಿಗಳ ಜೊತೆಯಲ್ಲಿ ಎಂದರೆ ಹೊಸಬರಿಗೆ ಆಶ್ಚರ್ಯವಾಗಬಹುದು. ೨೦೨೦ರ ಏಪ್ರಿಲ್ ಕೊನೆಯಲ್ಲಿ ಕೋಯಂಬೇಡಿನ ಸಗಟು ಮಾರುಕಟ್ಟೆಯಲ್ಲಿ ರೋಗ ಹಬ್ಬಿತು. ಊರೆಲ್ಲ ಬಾಗಿಲು ಹಾಕಿದ್ದರೂ ಜನ ತರಕಾರಿ ತಿನ್ನಲೇಬೇಕಷ್ಟೆ. ಆದ್ದರಿಂದ ಅಲ್ಲಿ ನೂಕುನುಗ್ಗಲು ತಪ್ಪಲಿಲ್ಲ. ಮೇ ೫ರಂದು ಮಾರುಕಟ್ಟೆಯನ್ನು ಮುಚ್ಚಿದರು. ಅಷ್ಟು ಹೊತ್ತಿಗೆ ಮೂಟೆ ಹೊರುವ ಕೂಲಿಗಳು ಗಂಟು ಕಟ್ಟಿಕೊಂಡು ಕಡಲೂರು, ಅರಿಯಲೂರು, ವಿಲ್ಲುಪುರಂ ಕಡೆಯ ತಮ್ಮ ತಮ್ಮ ಹಳ್ಳಿಗಳಿಗೆ ಹೊರಟುಹೋಗಿದ್ದರು. ರೋಗವೂ ಅವರ ಜೊತೆ ಹೋಯಿತು. ತರಕಾರಿಯ ವ್ಯಾಪಾರವನ್ನು ತಿರುಮಳಿಸೈಗೆ ಸಾಗಿಸಿದರು. ಹಣ್ಣಿನ ವ್ಯಾಪಾರ ನಮ್ಮ ಮಾಧವರಂ ಬಸ್ ನಿಲ್ದಾಣಕ್ಕೆ ಬಂತು. ಆಂಧ್ರದ ಕಡೆಯ ಬಸ್ಸುಗಳಿಗೆಂದು ೨೦೧೮ರಲ್ಲಿ ತೆರೆದಿದ್ದ ನಿಲ್ದಾಣ. ಬಸ್ಸಿಲ್ಲದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಮಾವು, ಮೂಸಂಬಿ, ಕಲ್ಲಂಗಡಿ ರಾಶಿ ಬಿದ್ದವು.

ಕೋಯಂಬೇಡಿನಲ್ಲಿ ಅಷ್ಟು ಬೇಗ ಹಬ್ಬಿದ ರೋಗ ಬಯಲಿಗೆ ಬಂದ ಮೇಲೆ ಹಾಗೆ ಹಬ್ಬಲಿಲ್ಲವೇಕೆ ಎಂದು ನೋಡಿದರೆ ಈ ರೋಗದ ಗುಟ್ಟು ಅರ್ಧ ತಿಳಿಯುತ್ತದೆ. ಇದು ಗಾಳಿಯ ರೋಗ. ರೋಗಿಯ ಉಸಿರಿನಲ್ಲಿ, ಮಾತಿನಲ್ಲಿ, ಕೆಮ್ಮಿನಲ್ಲಿ ಬಹು ಸಣ್ಣ ಹನಿಗಳು ಹೊರಬೀಳುತ್ತವೆ. ದಪ್ಪ ಹನಿಗಳು ಎರಡು ಮೂರು ಅಡಿಯಲ್ಲಿ ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಡಿಯ ಹೊಗೆಯಂತೆ ತೇಲಿಕೊಂಡಿರುತ್ತವೆ. ಒಬ್ಬ ಬೀಡಿ ಸೇದುತ್ತಿದ್ದಾನೆ ಎಂದುಕೊಳ್ಳಿ: ಬಯಲಿನಲ್ಲಾದರೆ ಹತ್ತು ಮಾರು ದೂರದವನಿಗೆ ವಾಸನೆಯೂ ಹತ್ತದು, ಕಿಟಕಿ ಮುಚ್ಚಿದ ಕೋಣೆಯಲ್ಲಾದರೆ ಮೂಲೆಯಲ್ಲಿ ಮಲಗಿದವನೂ ಕೆಮ್ಮುತ್ತಾನೆ. ಕೊರೊನಾ ಹಬ್ಬುವ ರೀತಿಯೂ ಬಹುಮಟ್ಟಿಗೆ ಹಾಗೆಯೇ. ಜೊತೆಗೆ, ಮೆಲ್ಲಗೆ ಮಾತಾಡುವವನಿಗಿಂತ ಕೂಗಿ ಮಾತಾಡುವವನ ಬಾಯಿಂದ ಹನಿಗಳು ಹೆಚ್ಚು ಹೊರಡುತ್ತವೆ. ಸಗಟು ಮಾರುಕಟ್ಟೆಯಲ್ಲಿ ಕೂಗದೆ ವ್ಯಾಪಾರವಿಲ್ಲ. ಮಿಲ್ಲಿನಲ್ಲಿ ಯಂತ್ರದ ಸದ್ದಿನ ಮೇಲೆ ಕೂಗದೆ ಕೆಲಸವಿಲ್ಲ. ಮೇಜಿನ ಕೆಲಸದವರು ಎಷ್ಟು ದೂರ ದೂರ ಕುಳಿತರೂ ನಮ್ಮವರಿಗೆ ಅದು ಸಾಧ್ಯವಾಗದ್ದಕ್ಕೆ ಇದೂ ಒಂದು ಕಾರಣ.

ಇದು ತಿಳಿದರೆ ಗಡಿಬಿಡಿ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ತಿರುಪ್ಪೂರಿನ ಮಾರುಕಟ್ಟೆಯೊಂದರಲ್ಲಿ ೨೦೨೦ರ ಏಪ್ರಿಲ್ ಮೊದಲಲ್ಲಿ ಜನರನ್ನು ಒಂದು ಗೂಡಿನೊಳಗೆ ನಡೆಸಿ ಮೈಮೇಲೆ ಔಷಧದ ನೀರು ಸಿಂಪಡಿಸುವ ಏರ್ಪಾಡಾಯಿತು. ನೋಡಿದ ಊರುಗಳೆಲ್ಲ ತಮಗೂ ಬೇಕೆಂದವು. ಕೆಲವೇ ದಿನಗಳಲ್ಲಿ ಆರೋಗ್ಯ ಇಲಾಖೆಯೇ ಅದು ಬೇಡವೆಂದಿತು. ಶ್ವಾಸದ ಒಳಗಿರುವ ರೋಗ ಅಂಗಿ ನೆನೆಸಿದರೆ ಹೋಗುವುದೆ? ಬೀದಿಗೆ ಬ್ಲೀಚಿಂಗ್ ಪುಡಿ ಎರಚಿದ್ದೂ, ನೋಟುಗಳಿಗೆ ಇಸ್ತ್ರಿ ಹಾಕಿದ್ದೂ ಇದೇ ಜಾತಿಗೆ ಸೇರಿದವು. ಕೈ ತೊಳೆಯುವುದನ್ನು ಮಾತ್ರ ನಾವು ಇದರಲ್ಲಿ ಸೇರಿಸುವುದಿಲ್ಲ. ಕೊರೊನಾಕ್ಕೆ ಅದರ ಪ್ರಯೋಜನ ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯಾದರೂ, ಭೇದಿ, ಟೈಫಾಯಿಡುಗಳಿಗೆ ಅದೇ ಮೊದಲ ಮದ್ದು.

ಮುಖಗವಸಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿಯವರು ಅದನ್ನು ಮುಗಕ್ಕವಸಂ ಎನ್ನುತ್ತಾರೆ. ನಮ್ಮ ಮಾತಿಗೂ ಅವರ ಮಾತಿಗೂ ಹೆಚ್ಚು ದೂರವಿಲ್ಲ. ಲಸಿಕೆಗೆ ತಡುಪ್ಪೂಸಿ, ಎಂದರೆ ತಡೆಯುವ ಸೂಜಿ. ಈ ಎರಡು ಪದ ಗೊತ್ತಿಲ್ಲದೆ ಆಸ್ಪತ್ರೆಯ ಸಾಲಿನಲ್ಲಿ ತಬ್ಬಿಬ್ಬಾದ ನಮ್ಮವರನ್ನು ಕಂಡಿದ್ದೇವೆ. ಊರಿಂದ ಹೊಸದಾಗಿ ಬಂದವರು ನೆನಪಿನಲ್ಲಿಟ್ಟುಕೊಳ್ಳಲಿ.

ಮುಖಗವಸುಗಳಲ್ಲಿ ಮೂರು ತರ. ಮೊದಲನೆಯದು ಬಟ್ಟೆಯದು. ಕರ್ಚೀಫು, ಟವಲು, ಸೆರಗು ಎಲ್ಲವೂ ಇದರಲ್ಲಿ ಬಂದವು. ದಪ್ಪ ಹನಿಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಸಣ್ಣವನ್ನು ಬಿಟ್ಟುಬಿಡುತ್ತದೆ. ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೆ. ಎರಡನೆಯದು ಆಸ್ಪತ್ರೆಯಲ್ಲಿ ಹಾಕುವ ಮೂರು ಪದರದ ನೀಲಿ ಮುಖಗವಸು. ಅದರ ನಡುವಿನ ಪದರ ನೂಲಿನದಲ್ಲ. ಕರಗಿಸಿದ ಪ್ಲಾಸ್ಟಿಕ್ಕನ್ನು ಗಾಳಿಯಲ್ಲಿ ಊದಿ ಮಾಡಿದ ಬಹು ತೆಳುವಾದ ಎಳೆಗಳ ಜಾಲ. ಮೂರನೆಯದು ಎನ್-೯೫. ಅದರ ಎಳೆಗಳಿಗೆ ವಿದ್ಯುತ್ತಿನ ಸೆಳೆತವನ್ನೂ ಕೊಟ್ಟಿರುತ್ತಾರೆ. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವಂತೆ ಅದು ಸಣ್ಣ ಕಣಗಳನ್ನು ಎಳೆದು ಹಿಡಿದಿಡುತ್ತದೆ. ಹಿಡಿಯುವುದಕ್ಕೆ ಬಹಳ ಕಷ್ಟವಾದ ಗಾತ್ರದ ಕಣಗಳಲ್ಲಿ ನೂರಕ್ಕೆ ೯೫ನ್ನು ತಡೆಯಬೇಕೆಂಬುದು ಅದರ ಹೆಸರಿನ ಅರ್ಥ.

ಇಲ್ಲಿಯೇ ನಮ್ಮವರು ಎಡವುವುದು. ದುಡ್ಡು ಕೊಟ್ಟು ತಂದ ವಸ್ತು ಕೊಳೆಯಾದರೆ ಒಗೆಯಬೇಕೆಂದು ನಮಗೆ ಹುಟ್ಟಿನಿಂದ ಕಲಿಸಿದ್ದಾರೆ. ಎನ್-೯೫ನ್ನು ಸೋಪು ಹಾಕಿ ಒಗೆದರೆ ಆ ಸೆಳೆತ ಹೊರಟುಹೋಗುತ್ತದೆ. ಆಮೇಲೆ ಅದು ದುಬಾರಿಯಾದ ಬಟ್ಟೆ. ಒಗೆಯದೆ, ಕಾಗದದ ಲಕೋಟೆಯಲ್ಲಿ ಹಾಕಿ ನಾಲ್ಕೈದು ದಿನ ಗಾಳಿಯಾಡಲು ಬಿಟ್ಟು, ಇಂಥ ನಾಲ್ಕೈದನ್ನು ಸರದಿಯಲ್ಲಿ ಹಾಕಿಕೊಂಡವರು ಜಾಣರು. ಇನ್ನೊಂದು: ಮುಂದೆ ಗುಂಡಿಯಂತೆ ಕವಾಟವಿದ್ದ ಎನ್-೯೫ ಪೇಟೆಯಲ್ಲಿ ಬಹಳ ಬಂತು. ಉಸಿರಾಡಲು ಹಾಯೆನಿಸುತ್ತಿತ್ತು. ಆದರೆ ಆ ಕವಾಟ ನಮ್ಮ ಉಸಿರನ್ನು ಸೋಸದೆ ಎದುರಿನವನ ಮುಖಕ್ಕೆ ಬಿಡುತ್ತದೆ. ೨೦೨೦ರ ಜುಲೈಯಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಇದನ್ನು ಬೇಡವೆಂದು ರಾಜ್ಯಗಳಿಗೆ ಬರೆಯಿತು. ಹಿಟ್ಟಿನ ಮಿಲ್ಲಿನಲ್ಲಿ ಧೂಳಿಗೆ ಹಾಕಿಕೊಳ್ಳಲು ಅದು ತಕ್ಕದ್ದು. ಸೋಂಕು ಬಂದವನು ಹಾಕಿಕೊಳ್ಳಲು ತಕ್ಕದ್ದಲ್ಲ.

ಎಷ್ಟು ಒಳ್ಳೆಯದಾದರೂ ಮೂಗಿನ ಕೆಳಗೆ ಇಳಿಬಿಟ್ಟರೆ ಏನು ಬಂತು? ತಮಿಳುನಾಡಿನಲ್ಲಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಖಗವಸಿಲ್ಲದವರಿಗೆ ೨೦೦ ರೂಪಾಯಿ ದಂಡ ಗೊತ್ತುಮಾಡಿದರು. ೨೦೨೨ರ ಜನವರಿಯಲ್ಲಿ ಅದು ೫೦೦ ಆಯಿತು. ಪೋಲೀಸಿನವರನ್ನು ಕಂಡಾಗ ಮೇಲೆ, ಅವರು ದಾಟಿದ ಮೇಲೆ ಗದ್ದಕ್ಕೆ. ಬಿಸಿಲಿನಲ್ಲಿ ಮೂಟೆ ಹೊತ್ತವನ ಬೆವರಿಗೆ ಮುಖಗವಸು ಒದ್ದೆಯಾಗಿ ಉಸಿರು ಕಟ್ಟುವುದು ನಿಜವೇ. ಅಂಥವನನ್ನು ನಾವು ದೂರುವುದಿಲ್ಲ. ಬಯಲಿನಲ್ಲಿ ತೆಗೆದು, ಚಹಾ ಅಂಗಡಿಯ ಒಳಗೆ, ಷೇರ್ ಆಟೋದಲ್ಲಿ, ಮಲಗುವ ಕೋಣೆಯಲ್ಲಿ ಹಾಕಿಕೊಂಡಿದ್ದರೆ ಸರಿಯಾಗುತ್ತಿತ್ತು. ಜನ ಮಾಡಿದ್ದು ಹೆಚ್ಚಾಗಿ ತದ್ವಿರುದ್ಧ: ರಸ್ತೆಯಲ್ಲಿ ದಂಡದ ಭಯಕ್ಕೆ ಹಾಕಿ, ಒಳಗೆ ಬಂದು ತೆಗೆದರು.

ಸೂಜಿಯ ವಿಷಯಕ್ಕೆ ಬರೋಣ. ಇದು ನಮಗೆ ಹೊಸದಲ್ಲ. ನಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲೆ ಕಾಸಿನಗಲದ ಗುರುತು ಕಂಡಿದ್ದೇವಲ್ಲವೆ? ಅದು ದೇವಿ ಹಾಕಿಸಿಕೊಂಡದ್ದು. ಮೈಸೂರು ಅರಮನೆಯ ರಾಣಿಯರ ಒಂದು ವರ್ಣಚಿತ್ರವುಂಟು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬಾತ ಬರೆದದ್ದು. ಅದರಲ್ಲಿ ಬಲಗಡೆ ನಿಂತ ರಾಣಿ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾರೆ. ದೇವಿ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಿ ಧೈರ್ಯ ತುಂಬಲೆಂದೇ ಅದನ್ನು ಬರೆಸಿದ್ದು ಎಂದು ನೈಜಲ್ ಚಾನ್ಸೆಲರ್ ಎಂಬ ಇತಿಹಾಸಕಾರರ ಅಭಿಪ್ರಾಯ. ಇಲ್ಲಿ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟು ೧೮೯೯ರಲ್ಲಿ ಹುಟ್ಟಿದ್ದೇ ದೇವಿಯ ಲಸಿಕೆ ತಯಾರಿಸುವುದಕ್ಕೆ. ೨೦೨೦ರಲ್ಲಿ ತಮಿಳುನಾಡಿನ ಕೊರೊನಾ ಪರೀಕ್ಷೆ ಮೊದಲು ನಡೆದದ್ದೂ ಅಲ್ಲಿಯೇ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಿದರು. ಸೂಜಿಗೆ ಹೆದರುವವರೂ ಸಿಡುಬಿಗೆ ಹೆದರದೆ ಮಲಗುತ್ತಿರುವುದು ಆ ಗುರುತುಗಳ ಪುಣ್ಯದಿಂದ.

ಕೊರೊನಾ ಲಸಿಕೆ ೨೦೨೧ರ ಜನವರಿ ೧೬ರಂದು ಆಸ್ಪತ್ರೆಯ ನೌಕರರಿಗೆ ಮೊದಲಾಗಿ ಆರಂಭವಾಯಿತು. ಮಾರ್ಚ್ ೧ರಿಂದ ಅರುವತ್ತು ದಾಟಿದವರಿಗೆ, ಏಪ್ರಿಲ್ ೧ರಿಂದ ನಲವತ್ತೈದು ದಾಟಿದವರಿಗೆ, ಮೇ ೧ರಿಂದ ಹದಿನೆಂಟು ದಾಟಿದವರಿಗೆ. ಎರಡು ಲಸಿಕೆ ಹೆಚ್ಚು ನಡೆದವು. ಪುಣೆಯ ಕೋವಿಶೀಲ್ಡ್‌ನಲ್ಲಿ ನಿರಪಾಯಕಾರಿಯಾದ ಬೇರೊಂದು ವೈರಸ್ಸು ಕೊರೊನಾದ ಮುಳ್ಳಿನ ನಕ್ಷೆಯನ್ನು ಹೊತ್ತುಕೊಂಡು ಮೈಯೊಳಗೆ ಹೋಗುತ್ತದೆ. ಹೈದರಾಬಾದಿನ ಕೋವ್ಯಾಕ್ಸಿನ್‌ನಲ್ಲಿ ಕೊರೊನಾ ವೈರಸ್ಸನ್ನೇ ಕೊಂದು ಹಾಕಿರುತ್ತಾರೆ. ಎರಡರ ಉದ್ದೇಶವೂ ಒಂದೇ: ಕಳ್ಳನ ಭಾವಚಿತ್ರವನ್ನು ಮುಂಚಿತವಾಗಿ ಠಾಣೆಗೆ ಕಳುಹಿಸುವುದು. ಕಳ್ಳ ಊರೊಳಗೆ ಬರುವುದಿಲ್ಲವೆಂದು ಅದರ ಅರ್ಥವಲ್ಲ. ಬಂದ ಕೂಡಲೆ ಗುರುತು ಹಿಡಿಯುತ್ತಾರೆ, ಮನೆ ದೋಚುವ ಮೊದಲೇ.

ಎರಡು ಸೂಜಿ ಹಾಕಿಸಿಕೊಂಡ ಮೇಲೂ ರೋಗ ಬಂತಲ್ಲ, ಮತ್ತೇಕೆ ಹಾಕಿಸಿಕೊಳ್ಳಬೇಕಿತ್ತು ಎಂದು ಕೇಳುವವರಿಗೆ ಇದೇ ಉತ್ತರ. ಸೂಜಿಯಿಂದ ರಕ್ತದಲ್ಲಿ ಹುಟ್ಟಿದ ಕಾವಲು ಕೆಲವು ತಿಂಗಳಲ್ಲಿ ತೆಳುವಾಗುತ್ತದೆ. ಆಗ ಮೂಗಿನಲ್ಲಿ, ಗಂಟಲಲ್ಲಿ ಸೋಂಕು ಹತ್ತಬಹುದು. ಆದರೆ ಒಳಗಿನ ನೆನಪು ಉಳಿದಿರುತ್ತದೆ. ಶ್ವಾಸಕೋಶಕ್ಕೆ ಇಳಿದು ಪ್ರಾಣ ತೆಗೆಯುವ ಮೊದಲು ಅದು ಎದ್ದು ನಿಲ್ಲುತ್ತದೆ. ೨೦೨೧ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯನ್ನು ಮರೆತವರಿಲ್ಲ. ನಮ್ಮ ಸೆಂಟ್ರಲ್ ಸ್ಟೇಷನ್ನಿನ ಎದುರಿನ ದೊಡ್ಡ ಸರಕಾರಿ ಆಸ್ಪತ್ರೆಯ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದಲ್ಲಿ ೨೪ ರೋಗಿಗಳು ತೀರಿಕೊಂಡ ಸುದ್ದಿ ಬಂದದ್ದು ಆ ಮೇ ತಿಂಗಳ ಆರಂಭದಲ್ಲಿ. ಆ ವರ್ಷದ ಕೊನೆಗೆ ಓಮಿಕ್ರಾನ್ ಬಂತು. ಭಾರತದಲ್ಲಿ ಅದರ ಮೊದಲ ಇಬ್ಬರು ರೋಗಿಗಳು ಬೆಂಗಳೂರಿನಲ್ಲಿ ಪತ್ತೆಯಾದದ್ದು ಡಿಸೆಂಬರ್ ೨ರಂದು. ಅದು ಹಿಂದಿನದಕ್ಕಿಂತ ಬಹಳ ವೇಗವಾಗಿ ಹಬ್ಬಿದರೂ ಆಸ್ಪತ್ರೆಗಳ ಮುಂದೆ ಆ ಸಾಲುಗಳು ಮತ್ತೆ ಕಾಣಲಿಲ್ಲ. ರೋಗದ ಗುಣವೂ ಸ್ವಲ್ಪ ಬದಲಾಗಿತ್ತು. ಆದರೆ ಅಷ್ಟು ಹೊತ್ತಿಗೆ ದೇಶದಲ್ಲಿ ನೂರು ಕೋಟಿಗೂ ಮೀರಿ ಸೂಜಿ ಬಿದ್ದಿದ್ದವು. ಆ ಗಡಿ ಅಕ್ಟೋಬರ್ ೨೧ರಂದೇ ದಾಟಿತ್ತು.

ಭಯದ ಮಾತನ್ನೂ ಆಡಬೇಕು. ನಟ ವಿವೇಕ್ ಅವರು ೨೦೨೧ರ ಏಪ್ರಿಲ್ ೧೫ರಂದು ಚೆನ್ನೈಯಲ್ಲಿ, ಜನರಿಗೆ ಮಾದರಿಯಾಗಲೆಂದು ಎಲ್ಲರೆದುರು ಸೂಜಿ ಹಾಕಿಸಿಕೊಂಡರು. ಮರುದಿನ ಹೃದಯಾಘಾತ, ೧೭ರಂದು ತೀರಿಕೊಂಡರು. ಆ ವಾರದಿಂದ ಲಸಿಕೆಯ ಜಾಗದಲ್ಲಿ ಜನ ಕಡಿಮೆಯಾದರು, ನಮ್ಮ ಕೇರಿಯಲ್ಲಿಯೂ ಅಷ್ಟೆ. ಆ ಸಾವಿಗೂ ಸೂಜಿಗೂ ಸಂಬಂಧವಿಲ್ಲವೆಂದು ಪರಿಶೀಲನಾ ಸಮಿತಿ ಹೇಳಿದ್ದು ಅಕ್ಟೋಬರಿನಲ್ಲಿ. ಭಯ ಒಂದು ದಿನದಲ್ಲಿ ಊರೆಲ್ಲ ತಿರುಗಿತು. ಸಮಾಧಾನ ಹೊರಡುವುದಕ್ಕೇ ಆರು ತಿಂಗಳಾಯಿತು. ಇದು ಸಮಿತಿಗಳ ಲೋಪವೆಂದೇ ನಮ್ಮ ಅಭಿಪ್ರಾಯ.

ಮತ್ತೊಂದು ಭಯ ೨೦೨೪ರಲ್ಲಿ ಎದ್ದಿತು. ಕೋವಿಶೀಲ್ಡ್‌ನ ಮೂಲ ಲಸಿಕೆಯನ್ನು ಮಾಡಿದ ಕಂಪೆನಿ ಅದರಿಂದ ಅಪರೂಪವಾಗಿ ರಕ್ತ ಹೆಪ್ಪುಗಟ್ಟಬಹುದೆಂದು ಇಂಗ್ಲೆಂಡಿನ ಕೋರ್ಟಿನಲ್ಲಿ ಒಪ್ಪಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇದು ಸುಳ್ಳಲ್ಲ, ಹೊಸದೂ ಅಲ್ಲ. ೨೦೨೧ರಲ್ಲಿಯೇ ಗೊತ್ತಿದ್ದ ಸಂಗತಿ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಸರಕಾರದ ಸಮಿತಿ ಕೊಟ್ಟ ಲೆಕ್ಕದಂತೆ ಇಲ್ಲಿ ಅದು ಹತ್ತು ಲಕ್ಷ ಸೂಜಿಗೆ ಒಂದಕ್ಕಿಂತಲೂ ಕಡಿಮೆ. ಬಂದರೂ ಸೂಜಿ ಹಾಕಿದ ಕೆಲವು ವಾರಗಳೊಳಗೆ ಬರುತ್ತದೆ. ೨೦೨೧ರಲ್ಲಿ ಹಾಕಿಸಿಕೊಂಡವರು ಈಗ ಮೈ ಮುಟ್ಟಿ ಮುಟ್ಟಿ ನೋಡಿಕೊಳ್ಳಬೇಕಾದ ಕಾರಣವಿಲ್ಲ.

ಇಷ್ಟೂ ಪುಸ್ತಕದ ಮಾತಾಯಿತು. ಹಾಜರಿ ಪುಸ್ತಕದ ಮಾತು ಬೇರೆಯೇ ಇದೆ. ಗೇಟಿನಲ್ಲಿ ಹಣೆಗೆ ಪಿಸ್ತೂಲಿನಂಥ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರು. ಅದನ್ನು ದಾಟಿದವನು ಆರೋಗ್ಯವಂತ. ಈ ರೋಗದಲ್ಲಿ ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ಹರಡುವ ಶಕ್ತಿ ಬಂದಿರುತ್ತದೆ. ಆದ್ದರಿಂದ ಯಂತ್ರಕ್ಕೆ ಸಿಕ್ಕದವರು ಎಷ್ಟೋ ಮಂದಿ. ಸಿಕ್ಕಬೇಕಾದವರೂ ಸಿಕ್ಕಲಿಲ್ಲ. ಬೆಳಗಿನ ಆರು ಗಂಟೆಗೆ ಪ್ಯಾರಾಸಿಟಮಾಲ್ ಮಾತ್ರೆ ನುಂಗಿ ಏಳು ಗಂಟೆಗೆ ಗೇಟಿಗೆ ಬಂದರೆ ಹಣೆ ತಣ್ಣಗಿರುತ್ತದೆ. ಹೀಗೆ ಬಂದವರು ನಮ್ಮ ಮಿಲ್ಲಿನಲ್ಲಿ ಇದ್ದರು, ಎಲ್ಲ ಮಿಲ್ಲುಗಳಲ್ಲಿಯೂ ಇದ್ದರು. ಕೆಟ್ಟವರೆಂದಲ್ಲ. ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಹದಿನಾಲ್ಕು ದಿನ ಮನೆಯಲ್ಲಿರು ಎಂದರೆ, ಹದಿನಾಲ್ಕು ದಿನ ಉಪವಾಸವಿರು ಎಂದಂತೆಯೇ. ಅವನು ಊರಿಗೆ ಕಳುಹಿಸುವ ದುಡ್ಡು ನಿಲ್ಲುತ್ತದೆ, ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಕೂಲಿಯ ಚಿಂತೆಯ ಜೊತೆಗೆ ನಾಚಿಕೆಯೂ ಇತ್ತು. ೨೦೨೦ರಲ್ಲಿ ಕಾರ್ಪೊರೇಷನ್ನಿನ ಕಾರ್ಯಕರ್ತರು ದಿನವೂ ಮನೆ ಮನೆಗೆ ಬಂದು ಯಾರಿಗಾದರೂ ಜ್ವರವುಂಟೆ ಎಂದು ಕೇಳುತ್ತಿದ್ದರು. ಬಿಸಿಲಲ್ಲಿ ತಿರುಗಿ ಕೇಳಿದ ಆ ಹೆಣ್ಣುಮಕ್ಕಳ ಕೆಲಸ ಸಣ್ಣದಲ್ಲ. ಬೀದಿ ಬೀದಿಗೆ ಜ್ವರದ ಶಿಬಿರಗಳನ್ನೂ ನಡೆಸಿದರು; ಚೆನ್ನೈಯನ್ನು ಉಳಿಸಿದ್ದರಲ್ಲಿ ಅವುಗಳಿಗೆ ದೊಡ್ಡ ಪಾಲುಂಟು. ಆದರೆ ಉಂಟು ಎಂದವನ ಬಾಗಿಲಿಗೆ ಚೀಟಿ ಅಂಟಿತು, ಕೆಲವು ಕಡೆ ತಗಡು ಬಡಿದು ದಾರಿಯನ್ನೇ ಮುಚ್ಚಿದರು. ಅದನ್ನು ಕಂಡ ಮೇಲೆ ಪಕ್ಕದ ಮನೆಯವನು ಉಂಟು ಎನ್ನುತ್ತಾನೆಯೆ? ಬಾಗಿಲಿಗೆ ಚೀಟಿ ಅಂಟಿಸಕೂಡದೆಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ ೨೦೨೦ರ ಡಿಸೆಂಬರು ಬಂದಿತ್ತು. ಆ ಏಪ್ರಿಲ್‌ನಲ್ಲಿ ಇದೇ ಚೆನ್ನೈಯಲ್ಲಿ, ರೋಗದಿಂದ ತೀರಿಕೊಂಡ ನರರೋಗ ಶಸ್ತ್ರವೈದ್ಯರೊಬ್ಬರ ಶವವನ್ನು ಹೂಳಲು ಜನ ಅಡ್ಡಬಂದು ಕಲ್ಲೆಸೆದರು. ಡಾಕ್ಟರಿಗೇ ಆ ಗತಿಯಾದರೆ ಮೂಟೆ ಹೊರುವವನು ಏನೆಂದುಕೊಳ್ಳಬೇಕು?

ನಮ್ಮ ಹಿರಿಯರ ಕಾಲದ ಪ್ಲೇಗಿನಲ್ಲೂ ಹೀಗೆಯೇ ಆಗಿತ್ತು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ, ರೋಗಿಗಳನ್ನು ಬೇರೆ ಶಿಬಿರಕ್ಕೆ ಎತ್ತಿಕೊಂಡು ಹೋಗುತ್ತಾರೆಂಬ ಭಯಕ್ಕೆ ಜನ ರೋಗವನ್ನೇ ಮುಚ್ಚಿಟ್ಟರು. ಆದರೆ ಹಳ್ಳಿಗಳಲ್ಲಿ ಇನ್ನೊಂದು ರೂಢಿ ಬೆಳೆಯಿತು: ಇಲಿ ಬಿದ್ದಿತೆಂದರೆ ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ಎರಡೂ ರೋಗಕ್ಕೆ ಹೆದರಿಯೇ ಮಾಡಿದ್ದು. ಒಂದರಲ್ಲಿ ರೋಗಿ ಒಬ್ಬನೇ ಶಿಕ್ಷೆ ಅನುಭವಿಸಬೇಕು, ಆದ್ದರಿಂದ ಮುಚ್ಚಿಟ್ಟ. ಇನ್ನೊಂದರಲ್ಲಿ ಎಲ್ಲರೂ ಕೂಡಿ ಕಷ್ಟಪಟ್ಟರು, ಆದ್ದರಿಂದ ಮುಚ್ಚಿಡುವ ಅಗತ್ಯವಿರಲಿಲ್ಲ. ಕೊರೊನಾ ಕಾಲದಲ್ಲಿ ಮುಖಗವಸೂ ಸೂಜಿಯೂ ಮಾಡಬಹುದಾದ ಕೆಲಸವನ್ನು ಮಾಡಿದವು. ಅವು ಮಾಡಲಾಗದ್ದು ಒಂದೇ: ಜ್ವರ ಬಂದವನು ಹೊಟ್ಟೆಯ ಚಿಂತೆಯಿಲ್ಲದೆ ತನಗೆ ಜ್ವರ ಬಂದಿದೆ ಎಂದು ಹೇಳುವಂತೆ ಮಾಡುವುದು.

ಕೋಣೆಯಲ್ಲಿ ನಾಲ್ವರೋ ಆರು ಮಂದಿಯೋ ಇರುವವರಿಗೆ ನಾವು ಕಂಡು ಸರಿಯೆನಿಸಿದ ಕ್ರಮವನ್ನು ಹೇಳುತ್ತೇವೆ. ಜ್ವರ ಬಂದವನನ್ನು ಮೂಲೆಗೆ ತಳ್ಳುವುದು ವಾಡಿಕೆ, ಅದು ತಪ್ಪು. ಕಿಟಕಿಯ ಹತ್ತಿರ, ಗಾಳಿ ಹೊರಕ್ಕೆ ಹೋಗುವ ಕಡೆ ಅವನ ಹಾಸಿಗೆ ಇರಲಿ. ಟೇಬಲ್ ಫ್ಯಾನಿದ್ದರೆ ಕಿಟಕಿಗೆ ಮುಖ ಮಾಡಿಸಿ, ಗಾಳಿಯನ್ನು ಹೊರಕ್ಕೆ ಊದುವಂತೆ ಇಡಿ. ಅವನ ಕಡೆಯಿಂದ ಉಳಿದವರ ಕಡೆಗೆ ಬೀಸುವಂತೆ ಅಲ್ಲ. ಅವನೂ ಉಳಿದವರೂ ಒಳಗಿರುವಷ್ಟು ಹೊತ್ತು ಮುಖಗವಸು ಹಾಕಲಿ. ಊಟ ಮಾತ್ರ ಬೇರೆ ಬೇರೆ ಹೊತ್ತಿಗೆ ಆಗಲಿ, ಏಕೆಂದರೆ ಊಟಕ್ಕೆ ಎಲ್ಲರೂ ಮುಖಗವಸು ತೆಗೆಯಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕೋಣೆಗೆ ಒಂದಿದ್ದರೆ ಸಾಕು. ೯೪ಕ್ಕಿಂತ ಕೆಳಗೆ ಇಳಿದರೆ, ರೋಗಿ ತನಗೇನೂ ಆಗಿಲ್ಲವೆಂದರೂ ಕೇಳದೆ ಡಾಕ್ಟರ ಬಳಿಗೆ ಕರೆದೊಯ್ಯಬೇಕು. ಈ ರೋಗದಲ್ಲಿ ಉಸಿರು ಕಡಿಮೆಯಾದದ್ದು ಎಷ್ಟೋ ಸಲ ರೋಗಿಗೇ ತಿಳಿಯುವುದಿಲ್ಲ. ಕಷಾಯ ಕುಡಿಯುವುದಾದರೆ ಕುಡಿಯಿರಿ, ಇಲ್ಲಿಯವರು ಹಂಚಿದ ಕಬಸುರ ಕುಡಿನೀರನ್ನೂ ನಮ್ಮವರು ಬೇಕಾದಷ್ಟು ಕುಡಿದರು. ಆದರೆ ಅದನ್ನು 'ಕುಡಿದಿದ್ದೇನೆ, ಇನ್ನು ಭಯವಿಲ್ಲ' ಎಂದು ಕೆಲಸಕ್ಕೆ ಹೊರಡುವ ಅಪ್ಪಣೆಯೆಂದು ತಿಳಿಯಬೇಡಿ. ಆಂಬುಲೆನ್ಸಿಗೆ ೧೦೮, ತಮಿಳುನಾಡಿನಲ್ಲಿ ಆರೋಗ್ಯದ ಸಲಹೆಗೆ ೧೦೪.

ಇನ್ನು ಕೂಲಿಯ ಮಾತು. ಇದು ನಮ್ಮ ಮೇಜಿನ ಮೇಲೆ ದಿನವೂ ಬರುವ ವಿಷಯವಾದ್ದರಿಂದ ಸ್ವಲ್ಪ ಧೈರ್ಯವಾಗಿ ಬರೆಯುತ್ತೇವೆ. ನಿಮ್ಮ ವೇತನದ ಚೀಟಿಯಲ್ಲಿ ಇ.ಎಸ್.ಐ. ಎಂದು ಒಂದು ಸಾಲು ಇರುತ್ತದೆ. ೨೦೧೯ರ ಜುಲೈಯಿಂದ ಅದಕ್ಕೆ ನಿಮ್ಮಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಧಣಿ ಮೂರೂಕಾಲು ರೂಪಾಯಿ ಕಟ್ಟಬೇಕು. ೨೦೧೭ರಲ್ಲಿ ಇದರ ವೇತನದ ಮಿತಿಯನ್ನು ತಿಂಗಳಿಗೆ ೨೧,೦೦೦ಕ್ಕೆ ಏರಿಸಿದರು. ಹಿಡಿದದ್ದನ್ನು ನೋಡಿ ಗೊಣಗುವವರು ಬಹಳ, ಅದರಿಂದ ಏನು ಸಿಗುತ್ತದೆಂದು ಕೇಳುವವರು ಕಡಿಮೆ. ಆಸ್ಪತ್ರೆಯ ಔಷಧವಷ್ಟೇ ಅಲ್ಲ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಕೂಲಿಯ ನೂರಕ್ಕೆ ಎಪ್ಪತ್ತರಂತೆ ನಗದು ಸಿಗುತ್ತದೆ, ವರ್ಷಕ್ಕೆ ೯೧ ದಿನಗಳವರೆಗೆ. ಇ.ಎಸ್.ಐ. ಡಾಕ್ಟರ ಸರ್ಟಿಫಿಕೇಟು ಬೇಕು. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ದಿನದ ಸರಾಸರಿ ಕೂಲಿ ೫೦೦ ಎಂದಿಟ್ಟುಕೊಳ್ಳಿ. ಒಂದು ವಾರ ಜ್ವರದಲ್ಲಿ ಮಲಗಿದರೆ ಐದು ದಿನಕ್ಕೆ ೩೫೦ರಂತೆ ೧,೭೫೦ ರೂಪಾಯಿ. ಪೂರ್ತಿ ಕೂಲಿಯಲ್ಲ, ಆದರೆ ಉಪವಾಸವೂ ಅಲ್ಲ. ಕೊರೊನಾ ಬಂದವರಿಗೂ ಇದು ಸಿಕ್ಕುತ್ತಿತ್ತು. ತೀರಿಕೊಂಡವರ ಅವಲಂಬಿತರಿಗೆ ಬೇರೊಂದು ಪರಿಹಾರದ ಯೋಜನೆಯನ್ನೂ ೨೦೨೧ರಲ್ಲಿ ತಂದರು. ಆ ಕಾಲದಲ್ಲಿ ಜಾರಿಯಲ್ಲಿದ್ದ ೧೯೪೮ರ ಕಾನೂನಿನ ೭೩ನೆಯ ವಿಧಿಯಂತೆ, ಹೀಗೆ ಕಾಯಿಲೆಯ ಹಣ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯುವಂತೆಯೂ ಇರಲಿಲ್ಲ. ಮಾತ್ರೆ ನುಂಗಿ ಗೇಟು ದಾಟಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಒಂದು ಷರತ್ತು ಇದೆ. ಆರು ತಿಂಗಳ ಕಂತಿನ ಅವಧಿಯಲ್ಲಿ ೭೮ ದಿನಕ್ಕೆ ಕಂತು ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈಯಿಂದ ಡಿಸೆಂಬರ್‌ವರೆಗಿನದಕ್ಕೆ. ಪದೇ ಪದೇ ಮಿಲ್ಲು ಬದಲಾಯಿಸುವವರು ಹಳೆಯ ನಂಬರನ್ನೇ ಹೊಸ ಕಡೆಯಲ್ಲಿಯೂ ಕೊಡಬೇಕು. ಎರಡು ನಂಬರಾದರೆ ದಿನಗಳು ಎರಡು ಭಾಗವಾಗಿ ಎರಡರಲ್ಲಿಯೂ ೭೮ ತುಂಬದೆ ಹೋಗುತ್ತದೆ. ಕಂಟ್ರಾಕ್ಟುದಾರನ ಕೈಕೆಳಗೆ ಮೂಟೆ ಹೊರುವವರಿಗೂ ಈ ಹಕ್ಕು ಉಂಟು. ಹತ್ತು ಮಂದಿಗಿಂತ ಕಡಿಮೆ ಇರುವ ಕಡೆ ದುಡಿಯುವವರಿಗೆ ಇಲ್ಲದಿರುವುದು ದೊಡ್ಡ ಕೊರತೆ. ಮಾಧವರಂನ ಸಣ್ಣ ಗೋದಾಮುಗಳಲ್ಲಿ ಅಂಥವರೇ ಹೆಚ್ಚು. ಅವರ ಕೋಣೆಗಳಲ್ಲಿ ತಿಂಗಳಿಗೆ ತಲೆಗೆ ಐವತ್ತು ರೂಪಾಯಿಯಂತೆ ಜ್ವರದ ನಿಧಿಯೊಂದನ್ನು ಕೂಡಿಹಾಕುವ ಏರ್ಪಾಡು ಒಂದೆರಡು ಕಡೆ ನಡೆದಿದೆ. ಲೆಕ್ಕದ ಪುಸ್ತಕ ಇಡುವುದು ಹೇಗೆಂದು ಕೇಳಿದರೆ ತೋರಿಸಿಕೊಡುತ್ತೇವೆ.

ವೇತನದ ಚೀಟಿಯಲ್ಲಿ ಹಣ ಹಿಡಿದಿದ್ದರೂ ಇ.ಎಸ್.ಐ. ನಂಬರು ಗೊತ್ತಿಲ್ಲದವರು, ನಂಬರು ಎರಡಾಗಿರುವವರು, ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವ ಫಾರಂ ತುಂಬಲು ಬಾರದವರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ವಾಚನಾಲಯಕ್ಕೆ ಮೂರು ತಿಂಗಳ ಚೀಟಿಗಳನ್ನೂ ಆಧಾರ್ ಕಾರ್ಡನ್ನೂ ತರಲಿ. ಕೆಮ್ಮು, ಜ್ವರ ಇರುವವರು ತಾವೇ ಬರಬೇಕಾಗಿಲ್ಲ. ಕೋಣೆಯ ಜೊತೆಗಾರರ ಕೈಯಲ್ಲಿ ಕಳುಹಿಸಿದರೂ ಬರೆದುಕೊಡುತ್ತೇವೆ.